ದುಂಬಿ ಮುಟ್ಟದ ತುಂಬೆ

"ಅವ್ವ, ಮುಟ್ಟುವವರ ಕೈಯಿಂದ ಪುಸ್ತಕಗಳನ್ನು ಉಳಿಸುವುದು ಹೇಗೆ?"

ಹೀಗೆ ಕೇಳಿದವಳು ಬಸಲಿಂಗಮ್ಮ. ಕೇಳುವಾಗ ಅವಳ ಒಂದು ಕೈಯಲ್ಲಿ ಹೊಸ ಬೀಗವಿತ್ತು, ಇನ್ನೊಂದು ಕೈಯಲ್ಲಿ ಎಣ್ಣೆಯ ಕಲೆಯಾದ ಪುಸ್ತಕವಿತ್ತು.

ಅವರಿದ್ದ ಮಠ ದೊಡ್ಡದಲ್ಲ. ಕಲ್ಲುಗುಡ್ಡದ ಬುಡದಲ್ಲಿ ಮೂರು ಕೋಣೆ. ಒಂದರಲ್ಲಿ ಅಡುಗೆ, ಒಂದರಲ್ಲಿ ಮಠ ನಡೆಸುವ ಅವ್ವನವರು, ಒಂದರಲ್ಲಿ ಪುಸ್ತಕ. ಸುತ್ತಲಿನ ಹಳ್ಳಿಗಳ ಹೆಂಗಸರು ಮನೆಗೆಲಸ ಮುಗಿಸಿ ಬಂದು ಅಲ್ಲಿ ಓದು ಕಲಿಯುತ್ತಿದ್ದರು. ಬಸಲಿಂಗಮ್ಮ ಬಹಳ ಹಿಂದೆ ಅಡುಗೆ ಮಾಡಲು ಬಂದವಳು. ಒಲೆಯ ಮುಂದೆ ಕುಳಿತೇ ಅಕ್ಷರ ಕಲಿತಳು. ಈಗ ಪುಸ್ತಕದ ಕೋಣೆ ಅವಳ ಹೊಣೆ.

"ಒಂದು ಪುಸ್ತಕದಲ್ಲಿ ಎಣ್ಣೆ, ಒಂದರಲ್ಲಿ ಅರಿಸಿನ, ಒಂದರಲ್ಲಿ ಬೂದಿ" ಎಂದಳು ಬಸಲಿಂಗಮ್ಮ. "ಎಣ್ಣೆ ಯಾರದೆಂದು ನನಗೆ ಗೊತ್ತು. ಗಾಣಿಗರ ಸೊಸೆ ರಾಚವ್ವನದು. ನಾನು ಬಾಗಿಲ ಸಂದಿಯಿಂದ ನೋಡಿದ್ದೇನೆ. ಪುಸ್ತಕ ತೆರೆಯುವ ಮೊದಲು ಆಕೆ ಹಿಂದೆ ಮುಂದೆ ನೋಡುತ್ತಾಳೆ. ನೇರ ಮನಸ್ಸಿನವಳಾದರೆ ಹಿಂದೆ ಮುಂದೆ ಯಾಕೆ ನೋಡಬೇಕು?"

"ಎಲ್ಲಿಯವರೆಗೆ ಓದಿದ್ದಾಳೆ?" ಎಂದು ಅವ್ವನವರು ಕೇಳಿದರು.

"ಅದನ್ನು ನಾನು ನೋಡಲಿಲ್ಲ. ಕೈಯನ್ನು ನೋಡಿದೆ. ಇವತ್ತು ಸಂಜೆ ಮತ್ತೆ ಬರುತ್ತಾಳೆ. ನೀವು ಒಪ್ಪಿದರೆ ಅಷ್ಟರೊಳಗೆ ಬೀಗ ಹಾಕುತ್ತೇನೆ. ಕೈ ತೊಳೆದು ಬಂದವರಿಗೆ, ನಾನೇ ನೋಡಿ, ನಾನೇ ತೆಗೆದು ಕೊಡುತ್ತೇನೆ."

ರಾಚವ್ವ ಅತ್ತೆಯ ಕಣ್ಣು ತಪ್ಪಿಸಿ ಬರುವವಳೆಂದು ಅವ್ವನವರಿಗೆ ಗೊತ್ತಿತ್ತು. ಬಾಗಿಲು ಒಂದು ಸಲ ಮುಚ್ಚಿದ್ದು ಕಂಡರೆ ಅವಳು ಮತ್ತೆ ಬರಲಾರಳೆಂದೂ ಗೊತ್ತಿತ್ತು. ಆದರೆ ಅದನ್ನು ಹೇಳಲಿಲ್ಲ.

"ಬೀಗವನ್ನು ಕೆಳಗಿಟ್ಟು ಕುಳಿತುಕೋ" ಎಂದರು. ಬಸಲಿಂಗಮ್ಮ ಕುಳಿತಳು. ಬೀಗವನ್ನು ಮಾತ್ರ ಮಡಿಲಲ್ಲೇ ಇಟ್ಟುಕೊಂಡಳು. ಅವ್ವನವರು ಹೇಳತೊಡಗಿದರು.

ಒಂದು ಊರಿನಲ್ಲಿ ಅಣ್ಣತಮ್ಮಂದಿರಿಬ್ಬರು ಬೇರೆಯಾದರು. ಮನೆ ಎರಡು ಪಾಲಾಯಿತು, ಹಿತ್ತಲು ಎರಡು ಪಾಲಾಯಿತು. ನಡುವೆ ಒಂದು ಗೋಡೆ ಎದ್ದಿತು. ಮಣ್ಣು ಕಲಸಿ ಕಟ್ಟಿದ ಗೋಡೆಯಲ್ಲ, ಕಲ್ಲಿನ ಮೇಲೆ ಕಲ್ಲು ಪೇರಿಸಿದ್ದು.

ಪಾಲು ಮಾಡಲಾಗದ್ದು ಒಂದೇ ಒಂದು ಉಳಿಯಿತು. ಆ ಊರಿನ ಕಲ್ಲೇಶ್ವರನಿಗೆ ಶ್ರಾವಣದ ಸೋಮವಾರಗಳಲ್ಲಿ, ಮತ್ತೆ ಕಾರ್ತೀಕದ ಸೋಮವಾರಗಳಲ್ಲಿ, ಮೊದಲ ಬೊಗಸೆ ತುಂಬೆ ಹೂ ಆ ಮನೆಯಿಂದ ಹೋಗಬೇಕು. ಪೂಜಾರಿ ಗುಡಿಯ ಹೊಸ್ತಿಲಲ್ಲಿ ನಿಂತು "ಮೀಸಲೇ?" ಎಂದು ಕೇಳುತ್ತಾನೆ. ಹೂ ತಂದವಳು "ಮೀಸಲು" ಎನ್ನಬೇಕು. ಅಂದರೆ ದೇವರಿಗಿಂತ ಮೊದಲು ಯಾರೂ ಮೂಸಿಲ್ಲ, ಯಾರೂ ಮುಡಿದಿಲ್ಲ ಎಂದು. ಆಮೇಲೆಯೇ ಊರಿನವರ ಹೂ ಒಳಗೆ ಹೋಗುತ್ತದೆ.

ಪಂಚರು ಹಿತ್ತಲನ್ನು ನೋಡಿದರು. ತುಂಬೆ ಹುಟ್ಟುವ ನೆಲ ಅಣ್ಣನ ಪಾಲಿಗೆ ಬಂದಿತ್ತು. ಹಕ್ಕನ್ನು ಅಣ್ಣನ ಹೆಂಡತಿಗೆ ಕೊಟ್ಟರು. ಒಂದು ಮಾತನ್ನೂ ಸೇರಿಸಿದರು: ಒಂದು ಸೋಮವಾರ ಮೀಸಲು ತಪ್ಪಿದರೂ ಹಕ್ಕು ಆಚೆ ಮನೆಗೆ.

ಅಣ್ಣನ ಹೆಂಡತಿಯನ್ನು ಹಿರಿಯವಳು ಎನ್ನೋಣ, ತಮ್ಮನ ಹೆಂಡತಿಯನ್ನು ಕಿರಿಯವಳು ಎನ್ನೋಣ.

ಹಿರಿಯವಳು ಉಟ್ಟ ಸೀರೆಯಲ್ಲಿ ಆ ಮನೆಗೆ ಬಂದವಳು. ಅವಳ ತವರಿನ ಹೆಸರನ್ನು ಊರಿನಲ್ಲಿ ಯಾರೂ ಕೇಳಿರಲಿಲ್ಲ. ಗಂಡ ಬಾಡಿಗೆ ಬಂಡಿ ಹೊಡೆಯುವವನು, ತಿಂಗಳಲ್ಲಿ ಹೆಚ್ಚು ದಿನ ಊರಲ್ಲಿರುತ್ತಿರಲಿಲ್ಲ. ಬಾವಿಯ ಬಳಿ ಹೆಂಗಸರು ಅವಳಿಗೆ ಜಾಗ ಬಿಡುತ್ತಿರಲಿಲ್ಲ. ಹೂಬುಟ್ಟಿ ಹಿಡಿದು ನಡೆದ ಸೋಮವಾರ ಮಾತ್ರ ಅದೇ ಹೆಂಗಸರು ಬದಿಗೆ ಸರಿದು ದಾರಿ ಬಿಡುತ್ತಿದ್ದರು. ಆ ದಾರಿಗಾಗಿ ಅವಳು ಉಳಿದ ದಿನಗಳನ್ನು ಸಹಿಸುತ್ತಿದ್ದಳು.

ತುಂಬೆಯನ್ನು ಯಾರೂ ಬೆಳೆಯುವುದಿಲ್ಲ. ಮಳೆ ಬಿದ್ದರೆ ತಾನೇ ಹುಟ್ಟುತ್ತದೆ, ಗೇಣು ಎರಡು ಗೇಣು ಎತ್ತರಕ್ಕೆ ನಿಲ್ಲುತ್ತದೆ, ಗಂಟುಗಂಟಿಗೆ ಬಿಳಿಯ ಹೂ ಬಿಡುತ್ತದೆ. ಚಳಿ ಕಳೆಯುವಷ್ಟರಲ್ಲಿ ಬೇರುಸಹಿತ ಒಣಗಿಹೋಗುತ್ತದೆ. ಮುಂದಿನ ಮಳೆಗೆ ಮತ್ತೆ ಬೀಜದಿಂದಲೇ ಏಳಬೇಕು. ಆದರೆ ಹಿರಿಯವಳು ಅದನ್ನು ಬೆಳೆದಳು. ಸುತ್ತಲಿನ ಹುಲ್ಲು ಕಿತ್ತಳು. ನೀರು ನಿಲ್ಲದ ಹಾಗೆ ಸಣ್ಣ ಕಾಲುವೆ ತೆಗೆದಳು. ಗೊಬ್ಬರ ಹಾಕಲಿಲ್ಲ. ಗೊಬ್ಬರ ಕಂಡರೆ ತುಂಬೆ ಎಲೆಯಾಗುತ್ತದೆ, ಹೂವಾಗುವುದಿಲ್ಲ ಎಂದು ತೀರಿಹೋದ ಅತ್ತೆ ಹೇಳುತ್ತಿದ್ದಳು. ಆ ವರ್ಷ ಹಿತ್ತಲು ಬೆಳ್ಳಗಾಯಿತು.

ಶ್ರಾವಣದ ಒಂದು ಬೆಳಗ್ಗೆ ಕಿರಿಯವಳು ಗೋಡೆಯ ಆಚೆ ನಿಂತು ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಈಚೆ ನೋಡಿ ನಕ್ಕಳು.

"ಅಕ್ಕಾ, ನಿನಗಿಂತ ಮೊದಲು ದುಂಬಿಗಳೇ ಎದ್ದು ಬಂದಿವೆಯಲ್ಲ! ಕಲ್ಲೇಶನಿಗೆ ಹೋಗುವುದು ಅವುಗಳ ಎಂಜಲೇ ಏನು?"

ಹಿರಿಯವಳು ನಗಲಿಲ್ಲ. ಹೂ ಬಿಡಿಸಿಕೊಂಡು ಒಳಗೆ ಹೋದಳು. ದಿನವಿಡೀ ಆ ಮಾತನ್ನು ತಿರುವಿ ಹಾಕಿದಳು. ಯಾಕೆ ಹೇಳಿದಳು? ಇಷ್ಟು ವರ್ಷ ಹೇಳದವಳು ಇವತ್ತೇ ಯಾಕೆ ಹೇಳಿದಳು? ನಗುತ್ತ ಯಾಕೆ ಹೇಳಿದಳು? ಗೋಡೆಯ ಮೇಲಿಂದ ಹೇಳಿದ್ದನ್ನು ನಾಳೆ ಗುಡಿಯ ಮುಂದೆ ಹೇಳಿದರೆ? ಪೂಜಾರಿ ಕೇಳಿದಾಗ "ಮೀಸಲು" ಎಂದ ತಾನು ಸುಳ್ಳುಗಾತಿಯಾಗುತ್ತೇನಲ್ಲ?

ಅತ್ತೆಯ ಕಾಲದಲ್ಲಿ ಮೀಸಲೆಂದರೆ ಮನುಷ್ಯರ ಮಾತು. ದುಂಬಿಯ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲ. ಹಿರಿಯವಳು ಅತ್ತೆಗಿಂತ ಒಂದು ಕೈ ಮೇಲಾಗಲು ನಿಶ್ಚಯಿಸಿದಳು. ಗಂಡನ ತೆಳುವಾದ ಹಳೆಯ ಪಂಚೆಗಳನ್ನು ಒಂದಕ್ಕೊಂದು ಹೊಲಿದಳು. ಗೂಟ ನೆಟ್ಟು ತುಂಬೆಯ ಮೇಲೆ ಹೊದಿಸಿದಳು. ಅಂಚಿಗೆ ಕಲ್ಲು ಇಟ್ಟಳು. ಬೆಳಕು ಒಳಗೆ ಹೋಗುತ್ತಿತ್ತು, ಮಳೆಯೂ ಸೋಸಿ ಇಳಿಯುತ್ತಿತ್ತು, ದುಂಬಿಗೆ ದಾರಿ ಇರಲಿಲ್ಲ. ಶ್ರಾವಣದಿಂದ ಕಾರ್ತೀಕ ಮುಗಿಯುವವರೆಗೂ ಬಟ್ಟೆ ತೆಗೆಯಲಿಲ್ಲ. ಪೂಜಾರಿ "ಮೀಸಲೇ?" ಎಂದಾಗ ಅವಳ ದನಿ ಗುಡಿಯ ಒಳಗೂ ಕೇಳುವಂತಿತ್ತು.

ಚಳಿಗಾಲದಲ್ಲಿ ಗಿಡಗಳು ಒಣಗಿದವು. ಮುಂಚೆ ಬೀಜ ತಾನೇ ಉದುರುತ್ತಿತ್ತು, ಅವಳು ನೋಡುತ್ತಿರಲಿಲ್ಲ. ಈ ಸಲ, ಗಾಳಿಗೆ ಉದುರಿ ಆಚೆ ಹಿತ್ತಲಿಗೆ ಹೋದರೆ ಕಷ್ಟವೆಂದು, ತಾನೇ ಕೂಡಿಡಲು ಹೊರಟಳು. ತುಂಬೆಯ ಹೂ ಉದುರಿದ ಮೇಲೆ ಗಂಟಿನಲ್ಲಿ ಸಣ್ಣ ಸಣ್ಣ ಬಟ್ಟಲುಗಳು ಉಳಿಯುತ್ತವೆ. ಬೀಜ ಇರುವುದು ಅದರ ತಳದಲ್ಲಿ. ಹಿರಿಯವಳು ಒಣಗಿದ ಗಂಟನ್ನು ಅಂಗೈಯಲ್ಲಿ ಉಜ್ಜಿದಳು, ಊದಿದಳು. ಎಲ್ಲವೂ ಹಾರಿಹೋಯಿತು. ಹೊಟ್ಟು. ಇನ್ನೊಂದನ್ನು ಉಜ್ಜಿದಳು. ಅದೂ ಹೊಟ್ಟು.

ಬಟ್ಟಲು ಒಡೆದಿರಲಿಲ್ಲ. ಗಿಡ ಮುರಿದಿರಲಿಲ್ಲ. ನೆಲದ ಮೇಲೆ ಹೆಜ್ಜೆ ಇರಲಿಲ್ಲ. ಅವಳು ಯೋಚಿಸಿದಳು: ಇಷ್ಟು ನಾಜೂಕಾಗಿ ಕದಿಯಬೇಕಾದರೆ ಅದು ಹೆಂಗಸಿನ ಕೈ. ಗುರುತು ಬಿಡದೆ ಹೋಗಬೇಕಾದರೆ ಹಿತ್ತಲು ಬಲ್ಲವಳು. ಬೀಜ ಬೇಕಾದದ್ದು ಯಾರಿಗೆ? ತುಂಬೆ ತಪ್ಪಿದರೆ ಹಕ್ಕು ಯಾರಿಗೆ ಹೋಗುತ್ತದೋ ಅವಳಿಗೆ.

ಇಲ್ಲಿ ಬಸಲಿಂಗಮ್ಮ ನಡುವೆ ಬಾಯಿ ಹಾಕಿದಳು. "ಕಿರಿಯವಳೇ ಇರಬೇಕು, ಅವ್ವ. ಆ ನಗು ನನಗೂ ಹಿಡಿಸಲಿಲ್ಲ."

"ಹಿರಿಯವಳಿಗೆ ನೀನು ಇದ್ದಿದ್ದರೆ ಒಳ್ಳೆಯ ಜೊತೆಯಾಗುತ್ತಿತ್ತು" ಎಂದು ಅವ್ವನವರು ಮುಂದುವರಿಸಿದರು.

ಮಳೆ ಬಂತು. ನೆಲದಲ್ಲಿ ಉಳಿದಿದ್ದ ಹಳೆಯ ಬೀಜ ಮೊಳೆಯಿತು. ಆದರೆ ಹೋದ ವರ್ಷ ಬೆಳ್ಳಗಾಗಿದ್ದ ಹಿತ್ತಲಿನಲ್ಲಿ ಈಗ ಗಿಡದಿಂದ ಗಿಡಕ್ಕೆ ಮೊಳ ದೂರ. ಹಿರಿಯವಳು ಮತ್ತೆ ಬಟ್ಟೆ ಹೊದಿಸಿ, ಗೋಡೆಯ ಉದ್ದಕ್ಕೂ ಬೂದಿ ಚೆಲ್ಲಿದಳು, ಹೆಜ್ಜೆ ಮೂಡಲಿ ಎಂದು. ಬೆಳಗ್ಗೆ ನೋಡಿದರೆ ಬೆಕ್ಕಿನ ಹೆಜ್ಜೆ. ಬೆಕ್ಕು ಯಾರ ಮನೆಯದು ಎಂದು ಯೋಚಿಸಿದಳು. ಕಿರಿಯವಳ ಮನೆಯದು. ಅವಳಿಗೆ ಅದೂ ಒಂದು ಸಾಕ್ಷಿಯಾಯಿತು.

ಹಬ್ಬಕ್ಕೆ ಕಿರಿಯವಳು ಗೋಡೆಯ ಮೇಲಿಂದ ಹೋಳಿಗೆಯ ತಟ್ಟೆ ಕೊಟ್ಟಳು. ಹಿರಿಯವಳು ಅದನ್ನು ಎತ್ತಿಗೆ ತಿನ್ನಿಸಿ, ಎತ್ತು ಸಂಜೆಯವರೆಗೆ ಹೇಗಿರುತ್ತದೆಂದು ನೋಡಿದಳು. ಎತ್ತು ಚೆನ್ನಾಗಿಯೇ ಇತ್ತು. ತಟ್ಟೆಯನ್ನು ಬರಿದಾಗಿ ತಿರುಗಿ ಕೊಟ್ಟಳು. ಬರಿಯ ತಟ್ಟೆ ತಿರುಗಿ ಕೊಡುವುದು ಆ ಮನೆಯಲ್ಲಿ ಎಂದೂ ನಡೆದಿರಲಿಲ್ಲ. ಕಿರಿಯವಳು ತಟ್ಟೆಯನ್ನು ಹಿಡಿದು ಬಹಳ ಹೊತ್ತು ನಿಂತಳು. ಅವಳೂ ಅಂದಿನಿಂದ ಯೋಚಿಸತೊಡಗಿದಳು.

ಕಾರ್ತೀಕ ಕಳೆಯಿತು. ಒಣಗಿದ ಗಂಟನ್ನು ಹಿರಿಯವಳು ಮತ್ತೆ ಉಜ್ಜಿದಳು. ಮತ್ತೆ ಹೊಟ್ಟು.

ಹಿತ್ತಲಿನ ಸುತ್ತ ಜಾಲಿಯ ಮುಳ್ಳು ತಂದು ಬೇಲಿ ಹಾಕಿದಳು. ಹಿತ್ತಲಿನ ಹಿಂದೆ ಒಬ್ಬ ಆಡು ಕಾಯುವವನು ದಿನವೂ ಹಾದುಹೋಗುತ್ತಿದ್ದ. ಒಂದು ದಿನ ಅವನನ್ನು ನಿಲ್ಲಿಸಿದಳು.

"ಏನಪ್ಪಾ, ನಿನ್ನ ಆಡುಗಳು ನನ್ನ ತುಂಬೆ ತಿಂದಿವೆಯೇ?"

"ತುಂಬೆ ಕಹಿ, ತಾಯಿ. ನನ್ನ ಹೆಂಡತಿ ಮಾಡಿದ ಸಾರನ್ನಾದರೂ ಕುಡಿದಾವು, ತುಂಬೆಗೆ ಬಾಯಿ ಹಾಕಲಾರವು."

"ಹಾಗಾದರೆ ನೀನು ಆಚೆ ಮನೆಯಲ್ಲಿ ದಿನವೂ ಮಜ್ಜಿಗೆ ಕುಡಿಯುವುದು ಯಾತಕ್ಕೆ?"

"ಬಾಯಾರಿದ್ದಕ್ಕೆ."

"ಮಜ್ಜಿಗೆ ಈಚೆ ಮನೆಯಲ್ಲೂ ಇತ್ತಲ್ಲ?"

"ಈಚೆ ಮನೆಗೆ ಬೇಲಿಯೂ ಇದೆಯಲ್ಲ, ತಾಯಿ."

ಅವನು ಆಡುಗಳನ್ನು ಹೊಡೆದುಕೊಂಡು ಹೋದ. ಹಿರಿಯವಳು ಅವನ ಬೆನ್ನನ್ನು ನೋಡುತ್ತ ನಿಂತಳು. ಕೇಳಿದ್ದಕ್ಕೆಲ್ಲ ಅವನ ಬಳಿ ಉತ್ತರ ಸಿದ್ಧವಾಗಿತ್ತು. ಯಾರೋ ಹೇಳಿಕೊಟ್ಟು ಕಳಿಸಿರದಿದ್ದರೆ ಆಡು ಕಾಯುವವನಿಗೆ ಇಷ್ಟು ಮಾತು ಎಲ್ಲಿಂದ ಬರಬೇಕು?

ಮೂರನೆಯ ವರ್ಷ ಹಿತ್ತಲಿನಲ್ಲಿ ಬೆರಳಲ್ಲಿ ಎಣಿಸುವಷ್ಟು ಗಿಡ ಎದ್ದವು. ಹಿರಿಯವಳು ಊಟವನ್ನು ಹಿತ್ತಲಿಗೇ ತಂದಳು. ತುಂಬೆಯ ಪಕ್ಕದಲ್ಲೇ ಕುಳಿತು ರೊಟ್ಟಿ ಬಡಿಯದೆ, ತಂಗಳು ತಿಂದಳು. ಎದುರಿಗೆ ಯಾರು ಬಂದರೂ ಅವರ ಉಗುರನ್ನು ನೋಡಿದಳು. ಒಂದು ಗಿಡ ಗೋಡೆಯ ಬುಡದ ಕಲ್ಲಿನ ಸಂದಿಯಿಂದ ಈಚೆಗೆ ತಲೆ ಹಾಕಿತ್ತು. ಬೇರು ಎಲ್ಲಿದೆಯೆಂದು ಅವಳು ನೋಡಲಿಲ್ಲ. ಈಚೆ ಬಂದದ್ದು ಈಚೆಯದೇ ಎಂದು ಅದರ ಮೇಲೂ ಬಟ್ಟೆ ಎಳೆದಳು.

ಶ್ರಾವಣ ಹೇಗೋ ದಾಟಿತು. ಕಾರ್ತೀಕದಲ್ಲಿ ಬೊಗಸೆ ಚಿಕ್ಕದಾಗುತ್ತ ಬಂತು. ಕೊನೆಯ ಸೋಮವಾರದ ಬೆಳಗ್ಗೆ ಬಟ್ಟೆ ಎತ್ತಿದರೆ ಒಳಗೆ ಒಂದು ಹೂವೂ ಇರಲಿಲ್ಲ.

ಗುಡಿಯಲ್ಲಿ ಡೋಲಿನ ಸದ್ದು ಆಗಲೇ ಶುರುವಾಗಿತ್ತು. ಅವಳು ಖಾಲಿ ಬುಟ್ಟಿ ಹಿಡಿದು ಗೋಡೆಯ ಬಳಿ ಬಂದಳು. ಗೋಡೆಯ ಮೇಲೆ ಬಗ್ಗಿ ಆಚೆ ನೋಡಿದಳು. ಕಿರಿಯವಳ ತಿಪ್ಪೆಗೂ ಗೋಡೆಗೂ ನಡುವೆ ಮರೆಯಾಗಿದ್ದ, ಯಾರೂ ಹುಲ್ಲು ಕೀಳದ, ಯಾರೂ ಕಾಲುವೆ ತೆಗೆಯದ ನೆಲದಲ್ಲಿ, ತುಂಬೆ ಬೆಳ್ಳಗೆ ನಿಂತಿತ್ತು.

ಸಿಕ್ಕಿತು ಎಂದುಕೊಂಡಳು. ನನ್ನ ಬೀಜ ಹೋದದ್ದು ಇಲ್ಲಿಗೆ.

ಅವಳು ಗೋಡೆ ಹತ್ತಿ ಇಳಿದಳು. ಕುಳಿತು ಸರಸರನೆ ಹೂ ಬಿಡಿಸಿ ಮಡಿಲಿಗೆ ಹಾಕಿಕೊಂಡಳು. ದುಂಬಿಗಳು ಬೆರಳ ಮೇಲೆಯೇ ಬಂದು ಕುಳಿತವು. ಓಡಿಸಿದರೆ ಪಕ್ಕದ ಹೂವಿಗೆ ಹೋದವು. ತಲೆಗೆ ಹಳದಿ ಪುಡಿ ಮೆತ್ತಿಕೊಂಡು ಒಂದರಿಂದ ಇನ್ನೊಂದಕ್ಕೆ ನುಗ್ಗಿದವು. ಗಿಡದ ಕೆಳಗಿನ ಗಂಟುಗಳು ಒಣಗಿದ್ದವು. ಅವಳು ಒಂದನ್ನು ಉಜ್ಜಿದಳು. ಅಂಗೈಯಲ್ಲಿ ಸಣ್ಣ ಕಂದು ಬೀಜ ಉಳಿಯಿತು. ಊದಿದರೂ ಹಾರಲಿಲ್ಲ. ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಅವಳಿಗೆ ಸಿಟ್ಟು ತಡೆಯಲಿಲ್ಲ. ಹೂವನ್ನಷ್ಟೇ ಅಲ್ಲ, ಗಿಡವನ್ನೇ ಕಿತ್ತುಕೊಂಡು ಹೋಗಬೇಕು ಎನ್ನಿಸಿತು. ಗೋಡೆಯ ಬುಡದಲ್ಲಿದ್ದ ದೊಡ್ಡ ಗಿಡವನ್ನು ಹಿಡಿದು ಎಳೆದಳು. ಎಳೆದಾಗ ಗೋಡೆಯ ಈಚೆ, ಅವಳದೇ ಹಿತ್ತಲಿನಲ್ಲಿ, ಬಟ್ಟೆ ಅಲುಗಿತು.

ಅವಳ ಕೈ ನಿಂತಿತು. ಬಗ್ಗಿ ಸಂದಿಯಲ್ಲಿ ನೋಡಿದಳು. ಒಂದೇ ಗಿಡ. ಬೇರು ಆಚೆ, ಒಂದು ಕೊಂಬೆ ಈಚೆ. ಅವಳು ಸಂದಿಯಲ್ಲಿ ಕೈ ತೂರಿ, ಬಟ್ಟೆಯ ಕೆಳಗಿದ್ದ ಆ ಕೊಂಬೆಯ ಗಂಟನ್ನು ಮುರಿದು ತಂದಳು. ಅದನ್ನು ಎಡ ಅಂಗೈಯಲ್ಲಿ, ಅದೇ ಗಿಡದ ಆಚೆ ಬದಿಯ ಗಂಟನ್ನು ಬಲ ಅಂಗೈಯಲ್ಲಿ ಉಜ್ಜಿದಳು. ಬಲ ಅಂಗೈಯಲ್ಲಿ ಬೀಜ, ಎಡ ಅಂಗೈಯಲ್ಲಿ ಹೊಟ್ಟು. ಒಂದೇ ಬೇರು, ಒಂದೇ ನೀರು, ಒಂದೇ ಮಣ್ಣು. ಆಚೆ ದುಂಬಿ ಇತ್ತು, ಈಚೆ ಬಟ್ಟೆ ಇತ್ತು.

ಅವಳು ಹಾಗೇ ಕುಳಿತಳು. ಮೂರು ವರ್ಷ ತಾನು ತುಂಬೆಯನ್ನು ಕಾದದ್ದು ಯಾರಿಂದ ಎಂದು ಲೆಕ್ಕ ಹಾಕುತ್ತಿರುವಾಗ ಹಿಂದಿನಿಂದ ಸಗಣಿ ಬುಟ್ಟಿ ಕೆಳಗೆ ಬಿದ್ದ ಸದ್ದಾಯಿತು.

"ಯಾರದು? ಏನು ಹೂಳುತ್ತಿದ್ದೀ ಅಲ್ಲಿ?"

ಹಿರಿಯವಳು ತಿರುಗಿದಳು.

"ಅಕ್ಕಾ!" ಎಂದಳು ಕಿರಿಯವಳು. ಆದರೆ ಹತ್ತಿರ ಬರಲಿಲ್ಲ. "ನನಗೆ ಗೊತ್ತಿತ್ತು. ಬೇಲಿ ಹಾಕಿದಾಗಲೇ ಗೊತ್ತಿತ್ತು. ಬಟ್ಟೆಯ ಕೆಳಗೆ ನೀನು ಏನೋ ಮಾಡುತ್ತಿದ್ದೀ ಎಂದು ನಾನು ಮನೆಯಲ್ಲಿ ಹೇಳುತ್ತಲೇ ಇದ್ದೆ. ಮಾಟದ ನಿಂಬೆಹಣ್ಣೋ, ತಗಡೋ? ತೆಗೆ. ಏನು ಹೂಳಿದ್ದೀಯೋ ತೆಗೆ!"

ಹಿರಿಯವಳು ಎದ್ದು ನಿಂತು ಮಡಿಲು ಬಿಚ್ಚಿ ತೋರಿಸಿದಳು. ಹೂ.

ಕಿರಿಯವಳು ಮಡಿಲನ್ನು ನೋಡಿದಳು, ಗೋಡೆಯನ್ನು ನೋಡಿದಳು. ಅವಳಿಗೆ ಅರ್ಥವಾಯಿತು. ಸೊಂಟದ ಮೇಲೆ ಕೈ ಇಟ್ಟಳು.

"ಎರಡು ವರ್ಷದಿಂದ ಬಾವಿಯ ಬಳಿ ನನ್ನನ್ನು ಕಳ್ಳಿ ಕಳ್ಳಿ ಎನ್ನುತ್ತಿದ್ದೆ. ಅಂತೂ ಕಳ್ಳಿ ಸಿಕ್ಕಳು. ತಗೊಂಡು ಹೋಗು, ಅಕ್ಕಾ. ಪೂಜಾರಿ ಕೇಳಿದಾಗ ಏನು ಹೇಳುತ್ತೀಯೋ, ಅದನ್ನು ಕೇಳುವುದಕ್ಕೆ ನಾನೂ ಬರುತ್ತೇನೆ."

ಇಬ್ಬರೂ ಗುಡಿಗೆ ಹೋದರು, ಹೂವನ್ನು ಬುಟ್ಟಿಗೆ ಹಾಕಿಕೊಂಡ ಹಿರಿಯವಳು ಮುಂದೆ, ಕಿರಿಯವಳು ಹಿಂದೆ. ಬಾವಿಯ ಬಳಿಯ ಹೆಂಗಸರು ಬದಿಗೆ ಸರಿದು ದಾರಿ ಬಿಟ್ಟರು.

"ಮೀಸಲೇ?" ಎಂದ ಪೂಜಾರಿ.

ಹೌದೆಂಬ ಒಂದು ಮಾತು ಸಾಕಿತ್ತು. ಕಿರಿಯವಳು ಅಲ್ಲವೆಂದರೂ ನಂಬುವವರು ಕಡಿಮೆ. ಹಕ್ಕು ಬೇಕಾಗಿ ಹೇಳುತ್ತಾಳೆ ಎನ್ನುತ್ತಿದ್ದರು. ಅದು ಹಿರಿಯವಳಿಗೂ ಗೊತ್ತಿತ್ತು.

"ಅಲ್ಲ" ಎಂದಳು. "ದುಂಬಿ ಮುಟ್ಟಿದ ಹೂ. ನನ್ನ ಹಿತ್ತಲಿನದೂ ಅಲ್ಲ. ಇವಳ ಹಿತ್ತಲಿನಿಂದ ನಾನು ಕದ್ದದ್ದು."

ಡೋಲು ನಿಂತಿತು. ಪೂಜಾರಿ ಬುಟ್ಟಿಯನ್ನು ನೋಡಿದ, ಅವಳ ಮುಖವನ್ನು ನೋಡಿದ. ಜನರಲ್ಲಿ ಗುಜುಗುಜು ಎದ್ದಿತು. ಅವಳ ಮಾತನ್ನು ಯಾರೂ ಮೆಚ್ಚಲಿಲ್ಲ. ಕಳವನ್ನು ತಾನೇ ಬಾಯಿ ಬಿಟ್ಟು ಹೇಳುವವಳು ಇನ್ನೂ ದೊಡ್ಡದೇನನ್ನೋ ಮುಚ್ಚಿಡುತ್ತಿರಬೇಕು ಎಂದರು. ಪಂಚರು ಅಲ್ಲೇ ಕುಳಿತು ತೀರ್ಮಾನ ಹೇಳಿದರು. ಹಕ್ಕು ಕಿರಿಯವಳಿಗೆ ಹೋಯಿತು. ತಿರುಗಿ ಬರುವಾಗ ಹಿರಿಯವಳಿಗೆ ಯಾರೂ ದಾರಿ ಬಿಡಲಿಲ್ಲ. ಅವಳು ಬದಿಯಲ್ಲಿ ನಡೆದು ಮನೆ ಸೇರಿದಳು.

ಅದೇ ದಿನ ಬೇಲಿ ಕಿತ್ತಳು. ಬಟ್ಟೆ ತೆಗೆದು ಮಡಿಸಿದಳು. ಸೆರಗಿನ ತುದಿಗೆ ಕಟ್ಟಿಕೊಂಡಿದ್ದ ಬೀಜವನ್ನು ನೆಲದ ಮೇಲೆ ಚೆಲ್ಲಿದಳು. ಹೂಳಲಿಲ್ಲ. ತುಂಬೆಯ ಬೀಜವನ್ನು ಯಾರೂ ಹೂಳುವುದಿಲ್ಲ, ಅದು ಬಿದ್ದಲ್ಲೇ ಏಳುತ್ತದೆ.

ಮುಂದಿನ ಮಳೆಗಾಲ ಕಿರಿಯವಳು ಗೋಡೆಯ ಬಳಿ ಬಂದಳು.

"ಅಕ್ಕಾ, ಆ ಪಂಚೆಯ ಬಟ್ಟೆ ನಿನಗೆ ಇನ್ನು ಬೇಡವಲ್ಲ?"

"ಯಾಕೆ?"

"ನೀನು ಅಷ್ಟು ಜನರ ಮುಂದೆ ದುಂಬಿ ಮುಟ್ಟಿದ ಹೂ ಮೀಸಲಲ್ಲ ಎಂದು ಹೇಳಿದೆ. ಈಗ ಪೂಜಾರಿ ನನ್ನನ್ನು ಕೇಳುವಾಗ ಹೂವನ್ನಲ್ಲ, ನನ್ನ ಮುಖವನ್ನು ನೋಡುತ್ತಾನೆ."

ಹಿರಿಯವಳು ಅವಳನ್ನು ಗೋಡೆಯ ಬುಡಕ್ಕೆ ಕರೆದು ಎಲ್ಲವನ್ನೂ ಹೇಳಿದಳು. ಬೇರು ಎಲ್ಲಿತ್ತು, ಕೊಂಬೆ ಎಲ್ಲಿತ್ತು, ಯಾವ ಅಂಗೈಯಲ್ಲಿ ಬೀಜ ಉಳಿಯಿತು, ಯಾವ ಅಂಗೈಯಲ್ಲಿ ಹೊಟ್ಟು. ಕಿರಿಯವಳು ಕೊನೆಯವರೆಗೆ ಕೇಳಿದಳು. ಕೇಳುವಾಗ ಹಿರಿಯವಳ ಅಂಗೈಯನ್ನಲ್ಲ, ಕಣ್ಣನ್ನು ನೋಡುತ್ತಿದ್ದಳು.

"ಹೌದೇ ಅಕ್ಕಾ?" ಎಂದಳು. "ನಾನು ಬಟ್ಟೆ ಹೊದಿಸಬಾರದು. ದುಂಬಿ ಬರಲಿ. ಮೀಸಲು ಮುರಿಯಲಿ. ಆಮೇಲೆ ಹಕ್ಕು ಗೋಡೆ ಹಾರಿ ನಿನ್ನ ಕಡೆ ಬರಲಿ. ಚೆನ್ನಾಗಿದೆ ನಿನ್ನ ಬುದ್ಧಿ."

ಅವಳು ಬಟ್ಟೆಯನ್ನು ಮತ್ತೆ ಕೇಳಲಿಲ್ಲ. ತನ್ನದೇ ಒಂದು ತೆಳು ಸೀರೆಯನ್ನು ತಂದು ತುಂಬೆಯ ಮೇಲೆ ಹೊದಿಸಿದಳು. ಗೋಡೆಯ ಮೇಲೆ ಉದ್ದಕ್ಕೂ ಮುಳ್ಳು ಇಟ್ಟಳು. ಕಲ್ಲಿನ ಸಂದಿಗಳಿಗೆಲ್ಲ ಮಣ್ಣು ಮೆತ್ತಿದಳು. ಹಿರಿಯವಳು ಹಬ್ಬಕ್ಕೆ ಕೊಟ್ಟ ಕಡುಬನ್ನು ಅವಳು ಏನು ಮಾಡಿದಳೋ ಗೊತ್ತಿಲ್ಲ. ತಟ್ಟೆ ಮಾತ್ರ ಬರಿದಾಗಿ ತಿರುಗಿ ಬಂತು.

ವರ್ಷ ಕಳೆದ ಹಾಗೆ ಈಚೆ ಹಿತ್ತಲಿನಲ್ಲಿ ತುಂಬೆ ಕಾಲಿಡಲು ಜಾಗವಿಲ್ಲದಷ್ಟು ಎದ್ದಿತು. ಹಿರಿಯವಳು ಊರಿನವರ ಜೊತೆ ಕೊನೆಯಲ್ಲಿ ನಿಂತು ತನ್ನ ಬೊಗಸೆ ಹೂ ಹಾಕಿ ಬರುತ್ತಿದ್ದಳು. ಆಚೆ ಹಿತ್ತಲಿನಲ್ಲಿ ಸೀರೆಯ ಕೆಳಗೆ ಏನಿದೆಯೆಂದು ಯಾರಿಗೂ ಕಾಣುತ್ತಿರಲಿಲ್ಲ. ಗೋಡೆಯ ಉದ್ದಕ್ಕೂ ಬೂದಿ ಚೆಲ್ಲಿದ್ದು ಮಾತ್ರ ಒಂದು ದಿನ ಹಿರಿಯವಳ ಕಣ್ಣಿಗೆ ಬಿತ್ತು.

ಆಮೇಲೆ ಒಂದು ಕಾರ್ತೀಕದ ಕೊನೆಯ ಸೋಮವಾರ. ಬೆಳಕು ಹರಿಯುತ್ತಿತ್ತು. ಹಿರಿಯವಳು ಹಿತ್ತಲಿನ ಬಾಗಿಲಲ್ಲಿ ಕಸ ಗುಡಿಸುತ್ತಿದ್ದಳು. ಗುಡಿಯಲ್ಲಿ ಡೋಲು ಶುರುವಾಯಿತು. ಗೋಡೆಯ ಮೇಲೆ ಒಂದು ಕಲ್ಲು ಅಲುಗಿದ ಸದ್ದು ಕೇಳಿತು. ಅವಳು ತಲೆ ಎತ್ತಿದಳು. ಮುಳ್ಳನ್ನು ಬದಿಗೆ ಸರಿಸಿ ಒಂದು ಕಾಲು ಈಚೆಗೆ ಇಳಿಯುತ್ತಿತ್ತು. ಕಾಲುಂಗುರ ಯಾರದೆಂದು ಅವಳಿಗೆ ಗೊತ್ತಿತ್ತು.

ಒಮ್ಮೆ ಕೂಗಿದ್ದರೆ ಸಾಕಿತ್ತು. ಊರೇ ಸೇರುತ್ತಿತ್ತು. ಹಕ್ಕು ಅಂದೇ ತಿರುಗಿ ಬರುತ್ತಿತ್ತು, ಬಾವಿಯ ಬಳಿಯ ದಾರಿಯೂ ಬರುತ್ತಿತ್ತು.

ಹಿರಿಯವಳು ಕೂಗಲಿಲ್ಲ. ಪೊರಕೆಯನ್ನು ಸದ್ದಾಗದ ಹಾಗೆ ಒರಗಿಸಿ ಒಳಗೆ ಹೋಗಿ ಒಲೆ ಹಚ್ಚಿದಳು. ತಾನು ಆಗಲೇ ಬಿಡಿಸಿಟ್ಟಿದ್ದ ಹೂವಿನ ಬುಟ್ಟಿ ಹಿತ್ತಲಿನ ಮೆಟ್ಟಿಲ ಮೇಲೇ ಇತ್ತು. ಅದನ್ನು ಒಳಗೆ ತರಲಿಲ್ಲ.

ಅವ್ವನವರು ಇಷ್ಟು ಹೇಳಿ ನಿಲ್ಲಿಸಿದರು.

ಬಸಲಿಂಗಮ್ಮ ಬೀಗವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿದಳು. ಅವಳಿಗೆ ಕತೆ ಮುಗಿದಂತೆ ಅನ್ನಿಸಲಿಲ್ಲ.

"ಗುಡಿಯಲ್ಲಿ ಪೂಜಾರಿ ಕೇಳಿದಾಗ ಕಿರಿಯವಳು ಏನೆಂದಳು, ಅವ್ವ? ನಿಜ ಹೇಳಿದಳೇ? ಅವಳನ್ನು ನಾನು ಈಗಲೂ ನಂಬಲಾರೆ."

ಅಂಗಳದಲ್ಲಿ ಯಾರೋ ಬಂದ ಸಪ್ಪಳವಾಯಿತು. ರಾಚವ್ವ ಬಾಗಿಲಿಗೆ ಬಂದಿದ್ದಳು. ಒಳಗೆ ಬರದೆ, ಎರಡೂ ಕೈಗಳನ್ನು ಸೆರಗಿಗೆ ಮತ್ತೆ ಮತ್ತೆ ಒರೆಸಿಕೊಳ್ಳುತ್ತ, ಹಿಂದೆ ಒಮ್ಮೆ ನೋಡಿ, ಬಸಲಿಂಗಮ್ಮನ ಮಡಿಲಲ್ಲಿದ್ದ ಬೀಗವನ್ನು ನೋಡಿದಳು.

ಅವ್ವನವರು ಬಸಲಿಂಗಮ್ಮನ ಕಡೆಗೆ ತಿರುಗಿದರು.

"ನೀನು ಅಕ್ಷರ ಕಲಿತ ಪುಸ್ತಕ ಮೇಲಿನ ಹಲಗೆಯಲ್ಲಿದೆ, ಅದರಲ್ಲಿರುವ ಅರಿಸಿನದ ಬೆರಳಚ್ಚು ಯಾರದೆಂದು ನೋಡಿ ಬಂದು, ಆಮೇಲೆ ಬೀಗ ಹಾಕು."

ಬಸಲಿಂಗಮ್ಮ ತನ್ನ ಬೆರಳುಗಳನ್ನು ನೋಡಿಕೊಂಡು, ಬೀಗವನ್ನು ಕೆಳಗಿಟ್ಟಳು.